ಬಾಗಿಲಜ್ಜಿಯನ್ನು ನಾನು ಬದುಕಿಸಿದ್ದು

ನಮ್ಮ ಮನೆಗೆ ಅಕ್ಷರ ಅಂತ ಏನೇ ಬಂದರೂ ಅದು ಅತ್ತೆಯ ಕಿವಿಗೆ ಹೋಗುವುದು ನನ್ನ ಬಾಯಿಂದ. ಮದುವೆಯ ಕರೆಯೋಲೆ, ದಿನದ ಪೇಪರು, ಔಷಧಿ ಬಾಟಲಿಯ ಮೇಲಿನ ಚೀಟಿ, ಎಲ್ಲವೂ. ಅವರ ಎಡಗಣ್ಣು ಹೋಗಿ ಐದು ವರ್ಷವಾಯಿತು. ಬಲಗಣ್ಣಿನಲ್ಲಿ ನಡುವೆ ಒಂದಿಷ್ಟು ಬೆಳಕು, ಸುತ್ತಲೂ ಮಬ್ಬು. ಅತ್ತೆ ಓದುವ ಹುಚ್ಚಿನವರು. ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ, ದಬ್ಬಳದಲ್ಲಿ ಹೊಲಿದು, ಪುಸ್ತಕ ಮಾಡಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡವರು. ಅಕ್ಷರ ಕಾಣದೆ ಹೋದಾಗ ಅವರು ಮಗನನ್ನು ಕೇಳಲಿಲ್ಲ, ನನ್ನ ಕೈ ಹಿಡಿದರು. "ಇನ್ನ್ ನನ್ನ ಕಣ್ಣ್ ನೀನೇ, ಕೂಸೆ" ಎಂದರು. ನನಗೆ ಹೆಮ್ಮೆಯಾಯಿತು. ಅತ್ತೆ ಸೊಸೆಗೆ ಹಾಗೆ ಹೇಳುವ ಮನೆ ಎಷ್ಟಿರುತ್ತವೆ ಎಂದು ನಾಲ್ಕು ಜನರ ಹತ್ತಿರ ಹೇಳಿಕೊಂಡು ತಿರುಗಿದೆ ಕೂಡ.

ನಾನು ನಾಪೋಕ್ಲು ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಕ್ಕಳು ಹೇಳಿಕೊಳ್ಳುವುದು ನನಗೂ ಗೊತ್ತು. ಕೆಲವು ವರ್ಷಗಳ ಹಿಂದೆ ಹತ್ತನೆಯ ಕ್ಲಾಸಿನ ಒಬ್ಬ ಹುಡುಗಿ ಡೆಸ್ಕಿನ ಕೆಳಗೆ ದಪ್ಪನೆಯ ಕಥೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದಳು. ಕಿತ್ತುಕೊಂಡೆ. ಏನಿದೆ ನೋಡೋಣ ಎಂದು ಸ್ಟಾಫ್ ರೂಮಿನಲ್ಲಿ ತೆರೆದವಳು ಹನ್ನೊಂದು ದಿನ ವಾಪಸು ಕೊಡಲಿಲ್ಲ. ಕೊಡುವಾಗ ನಾಚಿಕೆ ಬಿಟ್ಟು, ಎರಡನೆಯ ಭಾಗ ನಿನ್ನ ಹತ್ತಿರ ಇದೆಯಾ ಎಂದು ಕೇಳಿದೆ. ಅವಳು ನಕ್ಕಳು. ಈಗ ಅವಳು ಡಿಗ್ರಿ ಎರಡನೇ ವರ್ಷದಲ್ಲಿದ್ದಾಳೆ. ಈ ಕಥೆಯಲ್ಲಿ ಅವಳು ಮತ್ತೆ ಬರುತ್ತಾಳೆ.

ಅದು ಐದು ಸಂಪುಟಗಳ ಇಂಗ್ಲಿಷ್ ಸರಣಿ. ಇಲ್ಲದ ಒಂದು ರಾಜ್ಯ, ನೆರಳನ್ನು ತೂಗಿ ಮಾರುವ ವ್ಯಾಪಾರಿಗಳು, ಮಂಜಿನ ಒಳಗಿಂದ ಬರುವ ಮೃಗಗಳು. ನಡುವೆ ಒಂದು ದೊಡ್ಡ ಕೋಟೆ. ಆ ಕೋಟೆಯಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಒಬ್ಬಳು ಹುಡುಗಿ. ಅವಳನ್ನು ಸಾಕಿದವಳು ಹೆಬ್ಬಾಗಿಲು ಕಾಯುವ ಮುದುಕಿ. ಸೊಂಟದಲ್ಲಿ ಕೀಲಿಕೈ ಗೊಂಚಲು ಸಿಕ್ಕಿಸಿಕೊಂಡ, ಕಣ್ಣು ಮಂಜಾದ, ಕಾಲ ಸಪ್ಪಳದಲ್ಲೇ ಜನರನ್ನು ಗುರುತಿಸುವ ಮುದುಕಿ. ಈ ಪುಸ್ತಕದ ಹುಚ್ಚರು ಲೋಕದ ಎಲ್ಲ ಕಡೆ ಇದ್ದಾರಂತೆ. ನಮ್ಮ ನಾಪೋಕ್ಲು, ಅಮ್ಮತ್ತಿ, ಸಿದ್ದಾಪುರದ ಕಡೆಯೂ ಇದ್ದಾರೆ. ಬಹುಪಾಲು ನನ್ನ ಹಳೆಯ ವಿದ್ಯಾರ್ಥಿಗಳೇ. ಅವರದೊಂದು ವಾಟ್ಸಾಪ್ ಗುಂಪು, ಅದರಲ್ಲಿ ನಲವತ್ತು ದಾಟಿದವಳು ನಾನೊಬ್ಬಳೇ.

ಅತ್ತೆಗೆ ಇಂಗ್ಲಿಷ್ ಬಾರದು. ಕಾಫಿ ಒಣಗುವ ಕಾಲದಲ್ಲಿ ಅವರು ಇಡೀ ದಿನ ಕಣದ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕೋಳಿ ಬಂದರೆ ಕೋಲು ಬಡಿಯುತ್ತಾರೆ. ನಾನು ಶಾಲೆಯಿಂದ ಬಂದು, ಸೀರೆ ಬದಲಿಸಿ, ಹರಡಿದ ಕಾಫಿಯನ್ನು ಹಲಗೆಯಲ್ಲಿ ಎಳೆದು ರಾಶಿ ಮಾಡಿ, ಇಬ್ಬನಿ ಬೀಳುವ ಮುಂಚೆ ಟಾರ್ಪಾಲು ಮುಚ್ಚಬೇಕು. ಆ ಒಂದು ಗಂಟೆ ಹೊತ್ತು ಕಥೆ. ಎಳೆಯುತ್ತಾ ಹೇಳುವುದು, ಹೇಳುತ್ತಾ ಎಳೆಯುವುದು. ನಮ್ಮ ಮನೆಮಾತಾದ ಅರೆಭಾಷೆಯಲ್ಲಿ ಹೇಳುವಾಗ ಕೋಟೆ ಕೋಟೆಯಾಗಿ ಉಳಿಯಲಿಲ್ಲ, ಕುಟುಂಬದ ಮೂಲಮನೆಯಾದ ಐನ್‌ಮನೆಯಾಯಿತು. ಅಲ್ಲಿಯವರು ಕತ್ತಿ ಮುಟ್ಟಿ ಆಣೆ ಇಟ್ಟರೆ ನಮ್ಮ ಕಣದಲ್ಲಿ ಅವರು ನಡುಮನೆಯ ತೂಗುದೀಪದ ಮುಂದೆ ಆಣೆ ಇಟ್ಟರು. ಅವರ ಒಣ ಬ್ರೆಡ್ಡು ಅಕ್ಕಿ ರೊಟ್ಟಿಯಾಯಿತು. ಬಾಗಿಲು ಕಾಯುವ ಮುದುಕಿ ಬಾಗಿಲಜ್ಜಿಯಾದಳು. ನಾಲ್ಕು ಸಂಪುಟ ನಾಲ್ಕು ಕೊಯ್ಲಿನಲ್ಲಿ ಮುಗಿದವು.

ಅತ್ತೆಗೆ ಹುಡುಗಿ ಬೇಡ, ಯುದ್ಧ ಬೇಡ, ಬಾಗಿಲಜ್ಜಿ ಬೇಕು. ಕಥೆ ಬೇರೆ ಕಡೆ ಹೋದರೆ, ಅಜ್ಜಿ ಎಲ್ಲಿ ಹೋದಳು, ಉಂಡಳಾ ಎಂದು ಕೇಳುತ್ತಿದ್ದರು. ತಮ್ಮ ಹಾಗೇ ಕಣ್ಣು ಮಬ್ಬಾದವಳೊಬ್ಬಳು ಅಷ್ಟು ದೊಡ್ಡ ಮನೆಯ ಬಾಗಿಲು ಕಾಯುತ್ತಾಳೆ ಅನ್ನುವುದು ಅವರಿಗೆ ಬಲ ಕೊಟ್ಟಿತ್ತು. ಅಂಗಳಕ್ಕೆ ಯಾರಾದರೂ ಬಂದರೆ ಕಣ್ಣು ಮುಚ್ಚಿಕೊಂಡು ಕಾಲ ಸಪ್ಪಳದಲ್ಲೇ ಹೆಸರು ಹೇಳಲು ನೋಡುತ್ತಿದ್ದರು. ಮೂರಕ್ಕೆ ಎರಡು ಸರಿ ಬರುತ್ತಿತ್ತು.

ಕಳೆದ ಅಕ್ಟೋಬರಿನಲ್ಲಿ ಅವರನ್ನು ಮೈಸೂರಿಗೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆವು. ಅವರ ಕಣ್ಣಿಗೆ ಹನಿ ಹಾಕಿ ಹೊರಗೆ ಕೂರಿಸಿದ ಹೊತ್ತಿನಲ್ಲಿ ಡಾಕ್ಟರು ನನಗೂ ನನ್ನ ಗಂಡನಿಗೂ ವಿಷಯ ಹೇಳಿ, ಅದನ್ನೇ ಇಂಗ್ಲಿಷಿನಲ್ಲಿ ಬರೆದು ಕೊಟ್ಟರು. ಕಣ್ಣಿನ ನರವೇ ಒಣಗುತ್ತಿದೆ. ಆಪರೇಶನ್ನಿನಿಂದ ಪ್ರಯೋಜನವಿಲ್ಲ. ಹನಿ ಹಾಕುತ್ತಾ ಇದ್ದರೆ ಉಳಿದದ್ದು ಕೆಲವು ತಿಂಗಳು ಉಳಿಯಬಹುದು. ಮನೆಗೆ ಬಂದು ಅತ್ತೆ ಆ ಕಾಗದ ನನ್ನ ಕೈಗೆ ಕೊಟ್ಟು ಓದು ಎಂದರು. ಗಂಡ ಮೆಲ್ಲನೆ ತೋಟದ ಕಡೆ ಜಾರಿದರು. ನಾನು ಕಾಗದ ಬಿಡಿಸಿ, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, ಪೊರೆ ಬಂದಿದೆ, ಕೊಯ್ಲು ಮುಗಿದ ಮೇಲೆ ಆಪರೇಶನ್, ಆಮೇಲೆ ಎಲ್ಲ ಕಾಣುತ್ತದೆ ಎಂದು ಓದಿದೆ. ಅತ್ತೆ ಸಮಾಧಾನದಿಂದ ಕಾಫಿ ಕುಡಿದರು. ಇವತ್ತಲ್ಲ ನಾಳೆ ನಿಜ ಹೇಳಿದರಾಯಿತು ಎಂದುಕೊಂಡೆ. ಆ ನಾಳೆಯನ್ನು ನಾಲ್ಕು ತಿಂಗಳು ಎಳೆದೆ.

ಜನವರಿಯಲ್ಲಿ ಐದನೆಯ ಸಂಪುಟ ಬಂತು. ಎರಡು ದಿನ ರಜೆ ಹಾಕಿ ಓದಿ ಮುಗಿಸಿದೆ. ಮುಗಿಸಿ ಪುಸ್ತಕವನ್ನು ಮಂಚದ ಮೇಲೆ ಎಸೆದೆ. ಬಾಗಿಲಜ್ಜಿಯೇ ಮೊದಲನೆಯ ಸಂಪುಟದಲ್ಲಿ ಶತ್ರುಗಳಿಗೆ ಬಾಗಿಲು ತೆರೆದವಳಂತೆ. ತನ್ನ ಮಗನ ಜೀವ ಉಳಿಸಲು ಒಂದು ರಾತ್ರಿ ಅಗುಳಿ ತೆಗೆದಳು, ಒಳಗೆ ಬಂದವರು ಹುಡುಗಿಯ ಅಪ್ಪ ಅಮ್ಮನನ್ನು ಕೊಂದರು. ಅದನ್ನು ಹದಿನೈದು ವರ್ಷ ಮುಚ್ಚಿಟ್ಟು ಹುಡುಗಿಯನ್ನು ಸಾಕಿದಳು. ಕೊನೆಯ ಅಧ್ಯಾಯದಲ್ಲಿ ಹುಡುಗಿಗೆ ಗೊತ್ತಾಗುತ್ತದೆ. ಮಂಜಿನ ಮೃಗಗಳು ಬರುವ ರಾತ್ರಿ ಮುದುಕಿ ಹೊರಗೆ ಉಳಿದು ಬಾಗಿಲು ತಟ್ಟುತ್ತಾಳೆ. ಒಳಗೆ ಹುಡುಗಿ ಅಗುಳಿಯ ಮೇಲೆ ಕೈ ಇಟ್ಟುಕೊಂಡು ನಿಂತಿರುತ್ತಾಳೆ. ತೆಗೆಯುವುದಿಲ್ಲ. ತಟ್ಟುವ ಸದ್ದು ನಿಲ್ಲುತ್ತದೆ. ಅಲ್ಲಿಗೆ ಐದು ಸಂಪುಟ ಮುಗಿಯಿತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗುಂಪಿನಲ್ಲಿ ಉದ್ದುದ್ದ ಬರೆದೆ. ಇದು ಮುಗಿಸುವ ರೀತಿಯೇ, ಸಾಕಿದವಳಿಗೆ ಇಷ್ಟೇನಾ ಬೆಲೆ ಎಂದೆಲ್ಲ. ಅರ್ಧ ಗುಂಪು ನನ್ನ ಕಡೆ ಬಂತು. ಇನ್ನರ್ಧ, ಆ ನನ್ನ ಹಳೆಯ ಹುಡುಗಿಯ ಮುಂದಾಳ್ತನದಲ್ಲಿ, ಇದಕ್ಕಿಂತ ಸರಿಯಾದ ಕೊನೆ ಇರಲು ಸಾಧ್ಯವೇ ಇಲ್ಲ ಎಂದು ಎದುರು ನಿಂತಿತು. ಎತ್ತು ಏರಿಗೆ, ಕೋಣ ನೀರಿಗೆ. ಫೋನು ದಿನವಿಡೀ ಗುಂಯ್ ಅನ್ನುತ್ತಿತ್ತು.

ಇತ್ತ ಕಣದಲ್ಲಿ ಅತ್ತೆ ಕಾಯುತ್ತಿದ್ದರು. ಮೂರು ವಾರ ಐದನೆಯ ಸಂಪುಟವನ್ನು ಇದ್ದದ್ದು ಇದ್ದ ಹಾಗೇ ಹೇಳಿದೆ. ಕೊನೆಗೆ ಬಂದಾಗ ನನ್ನ ನಾಲಿಗೆ ಏಳಲಿಲ್ಲ. ಕ್ಲಾಸಿನಲ್ಲಿ ಪುಸ್ತಕದಲ್ಲಿ ಇರುವುದನ್ನೇ ಬರೆಯಿರಿ, ನಿಮ್ಮ ಅಜ್ಜಿ ಕಥೆ ಬೇಡ ಎಂದು ಮಕ್ಕಳ ಪೇಪರಿಗೆ ಕೆಂಪು ಗೀಟು ಎಳೆಯುವವಳು ನಾನು. ಆದರೆ ಒಮ್ಮೆ ಕಾಗದದಲ್ಲಿ ಇಲ್ಲದ್ದನ್ನು ಓದಿ ದಕ್ಕಿಸಿಕೊಂಡ ಬಾಯಿಗೆ ಎರಡನೆಯ ಸಲ ಏನು ಕಷ್ಟ. ಹುಡುಗಿ ಬಾಗಿಲು ತೆರೆದಳು, ಅಜ್ಜಿಯನ್ನು ತಬ್ಬಿಕೊಂಡಳು, ತೂಗುದೀಪದ ಮುಂದೆ ಕೂರಿಸಿ ಕೀಲಿಕೈ ಗೊಂಚಲನ್ನು ಮತ್ತೆ ಅವಳ ಸೊಂಟಕ್ಕೇ ಸಿಕ್ಕಿಸಿದಳು ಎಂದೆ. ಅಗುಳಿ ತೆಗೆದ ಹಳೆಯ ಪಾಪದ ಮಾತನ್ನೇ ಎತ್ತಲಿಲ್ಲ. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಒಂದು ವಾರ, ಬಂದವರಿಗೆಲ್ಲ ಆ ಕೊನೆಯನ್ನು ಹೇಳಿದರು.

ನಾನು ಸಿಕ್ಕಿಬಿದ್ದದ್ದು ನನ್ನದೇ ಫೋನಿನಿಂದ. ಗುಂಪಿನವರು ಒಂದು ಭಾನುವಾರ ನಾಪೋಕ್ಲು ಪೇಟೆಯ ಅಂಗಡಿಯೊಂದರ ಮೇಲಿನ ಹಾಲ್‌ನಲ್ಲಿ ಸೇರಿ ಎದುರುಬದುರು ಚರ್ಚೆ ಮಾಡುವುದೆಂದು ತೀರ್ಮಾನಿಸಿದರು. ಸರಣಿ ಸರಿಯಾಗಿ ಮುಗಿಯಿತು ಅನ್ನುವವರು ಒಂದು ಕಡೆ, ಇಲ್ಲ ಅನ್ನುವವರು ಇನ್ನೊಂದು ಕಡೆ. ಒಬ್ಬಳು ಧ್ವನಿ ಸಂದೇಶ ಕಳಿಸಿದ್ದಳು. ಅಡುಗೆಮನೆಯಲ್ಲಿ ಕೈಗೆ ಹಿಟ್ಟು ಮೆತ್ತಿಕೊಂಡು ಮೊಣಕೈಯಿಂದ ಒತ್ತಿದೆ. ಮಿಸ್, ಭಾನುವಾರ 'ಮುಗಿದದ್ದು ಸರಿಯಿಲ್ಲ' ಅನ್ನೋ ಕಡೆಗೆ ನೀವೇ ಲೀಡರ್ ಎಂದು ಅದು ಇಡೀ ಮನೆಗೆ ಕೂಗಿ ಹೇಳಿತು.

ಅತ್ತೆ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. "ಅಷ್ಟ್ ಚೆಂದ ಮುಗ್ದ ಕಥೆ. ಸರಿಯಿಲ್ಲೆ ತ ಹೇಳಿಕೆ ನಿಂಗೆ ಹೆಂಗೆ ಮನಸ್ಸ್ ಬಾತ್?" ಎಂದು ಕೇಳಿದರು.

ಏನೋ ತೊದಲಿದೆ, ಚರ್ಚೆ ಅಂದ ಮೇಲೆ ಯಾರಾದರೂ ಎದುರು ನಿಲ್ಲಬೇಕಲ್ಲ, ಆಟಕ್ಕೆ ಎಂದೆ. ಆಟಕ್ಕಾದರೂ ಬಾಗಿಲಜ್ಜಿಯ ವಿರುದ್ಧ ಮಾತಾಡಬಾರದು ಎಂದು ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು. ನೀನು ಆ ಕಡೆ ಕೂತರೆ ನಾನು ಈ ಕಡೆ ಕೂರುತ್ತೇನೆ ಎಂದರು. ನಾನು ಧೂಳು ಅಂದೆ, ಮೆಟ್ಟಿಲು ಅಂದೆ, ಅಲ್ಲಿ ಬರುವವರೆಲ್ಲ ಸಣ್ಣ ಮಕ್ಕಳು ಅಂದೆ. "ಹೋದದ್ ಕಣ್ಣ್, ನಾಲಿಗೆ ಅಲ್ಲ" ಎಂದರು. ಗಂಡ ಬೇರೆ, ಊಟದ ಎಲೆಯ ಮುಂದೆ ಕೂತು, ಅವ್ವನನ್ನು ಜೀಪಿನಲ್ಲಿ ನಾನೇ ಬಿಡುತ್ತೇನೆ ಎಂದು ಉಮೇದಿನಿಂದ ಹೇಳಿದರು. ಅವರಿಗೆ ಪುಸ್ತಕದ ವಿಷಯ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವರ ಮೇಲೆ ಬಂದ ಕೋಪ ಈಗಲೂ ಪೂರ್ತಿ ಹೋಗಿಲ್ಲ.

ಭಾನುವಾರಕ್ಕೆ ಆರು ದಿನ ಇತ್ತು. ಒಂದು ಕಥೆಯ ಕೊನೆ ಬದಲಿಸಿದ್ದು ದೊಡ್ಡ ಅಪರಾಧವಲ್ಲ, ನಕ್ಕು ಒಪ್ಪಿಕೊಂಡರೆ ಮುಗಿಯುತ್ತಿತ್ತು ಎಂದು ಓದುವವರಿಗೆ ಅನ್ನಿಸಬಹುದು. ನನಗೂ ಹಾಗೆ ಅನ್ನಿಸಿ ಮೂರು ಸಂಜೆ ಕಣದಲ್ಲಿ ಬಾಯಿ ತೆರೆದೆ. ಮೂರು ಸಲವೂ ಆ ಮೈಸೂರಿನ ಕಾಗದ ಕಣ್ಣ ಮುಂದೆ ಬಂತು. ಒಂದನ್ನು ಬದಲಿಸಿ ಓದಿದ್ದಾಳೆ ಎಂದು ಗೊತ್ತಾದವರು ಇನ್ನೊಂದನ್ನು ಕೇಳದೆ ಇರುತ್ತಾರೆಯೇ. ಅತ್ತೆ ಆಗಲೇ ಆಪರೇಶನ್ನಿಗೆ ಹೋಗಲು ಹೊಸ ಸೀರೆ ತೆಗೆದಿಟ್ಟಿದ್ದರು. ಕೊಯ್ಲು ಇನ್ನೆಷ್ಟು ದಿನ ಎಂದು ದಿನಾ ಕೇಳುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ಕಾಫಿ ಎಳೆದೆ.

ಕೊನೆಗೆ ನನಗೆ ಹೊಳೆದ ಉಪಾಯ ನೆನೆದರೆ ಈಗ ನಾಚಿಕೆಯಾಗುತ್ತದೆ. ಪುಸ್ತಕ ಇಂಗ್ಲಿಷಿನದು, ಆದ್ದರಿಂದ ಚರ್ಚೆಯೂ ಇಂಗ್ಲಿಷಿನಲ್ಲೇ ಆಗಲಿ, ನಿಮಗೂ ಅಭ್ಯಾಸವಾಗುತ್ತದೆ ಎಂದು ಗುಂಪಿನಲ್ಲಿ ಬರೆದೆ. ಮಕ್ಕಳಿಗೆ ಆಶ್ಚರ್ಯ. ನಮ್ಮ ಕಡೆ ಒಂದು ವಾಕ್ಯ ಕೊಡವ ತಕ್ಕ್‌ನಲ್ಲಿ ಹೊರಟು, ಮಲಯಾಳದಲ್ಲಿ ತಿರುಗಿ, ಕನ್ನಡದಲ್ಲಿ ಮುಗಿಯುತ್ತದೆ. ಹೇಗೆ ಬರುತ್ತದೋ ಹಾಗೆ ಮಾತಾಡಿ ಎಂದು ಕಲಿಸಿದವಳೇ ನಾನು. ಆದರೂ ಮಿಸ್ ಹೇಳಿದ ಮೇಲೆ ಮುಗಿಯಿತು, ಒಪ್ಪಿದರು.

ಭಾನುವಾರ ಮಧ್ಯಾಹ್ನ ಹಾಲ್‌ನಲ್ಲಿ ಇಪ್ಪತ್ತೈದು ಜನ ಇದ್ದರು. ಬೆಂಚುಗಳನ್ನು ಎದುರುಬದುರು ಹಾಕಿದ್ದರು. ಮಾತಾಡುವವರ ಕೈಯಲ್ಲಿ ಐದನೆಯ ಸಂಪುಟ ಇರಬೇಕು, ಪುಸ್ತಕ ಕೈಯಲ್ಲಿ ಇಲ್ಲದವರು ಬಾಯಿ ಹಾಕಬಾರದು ಎಂಬುದು ನಿಯಮ. ಅತ್ತೆ 'ಸರಿಯಾಗಿ ಮುಗಿಯಿತು' ಅನ್ನುವವರ ಬೆಂಚಿನಲ್ಲೇ ಕೂರುತ್ತೇನೆ ಎಂದು ಹಟ ಹಿಡಿದರು. ಅರ್ಥ ಹೇಳುವ ನೆಪದಲ್ಲಿ ನಾನೂ ಆ ಬೆಂಚಿನ ತುದಿಯಲ್ಲಿ, ಅವರ ಪಕ್ಕ, ಎದುರಾಳಿಗಳ ನಡುವೆ ಕೂತೆ. ಎಲ್ಲರೂ ನಕ್ಕರು.

ಮೊದಲು ಎದ್ದವಳು ನನ್ನ ಆ ಹಳೆಯ ವಿದ್ಯಾರ್ಥಿನಿಯೇ. ಒಳ್ಳೆಯ ಇಂಗ್ಲಿಷ್, ನಾನು ಕಲಿಸಿದ್ದು. ಮುದುಕಿ ಹುಡುಗಿಯನ್ನು ಪ್ರೀತಿಸಲಿಲ್ಲ ಅಂತ ನಾನು ಹೇಳುವುದಿಲ್ಲ, ಆದರೆ ಆ ಪ್ರೀತಿಯ ಹೆಸರಿನಲ್ಲಿ ಹದಿನೈದು ವರ್ಷ ಅವಳ ಬದುಕಿನ ನಿಜವನ್ನು ಅವಳಿಂದಲೇ ಬಚ್ಚಿಟ್ಟಳು, ಯಾರನ್ನು ದ್ವೇಷಿಸಬೇಕು ಯಾರನ್ನು ಕ್ಷಮಿಸಬೇಕು ಅನ್ನುವುದನ್ನು ಅವಳ ಪರವಾಗಿ ತಾನೇ ತೀರ್ಮಾನಿಸಿದಳು, ಬಾಗಿಲು ಮುಚ್ಚಿಯೇ ಇರಬೇಕಿತ್ತು ಎಂದಳು. ಅತ್ತೆ ನನ್ನ ಮೊಣಕೈ ತಿವಿದು, ಏನು ಹೇಳಿದಳು ಎಂದರು. ಪುಸ್ತಕ ತುಂಬಾ ದಪ್ಪವಾಯಿತು ಅನ್ನುತ್ತಾಳೆ ಎಂದೆ.

"ಅಷ್ಟ್ ಹೊತ್ತು ಮಾತಾಡ್ದ್ ಅಷ್ಟೇನಾ?" ಎಂದರು ಅತ್ತೆ.

ನನ್ನ ಸರದಿ ಬಂತು. ಪುಸ್ತಕ ಹಿಡಿದು ನಿಂತಾಗ, ಮೇಲೆಮೇಲೆ ಎರಡು ಮಾತಾಡಿ ಕೂರೋಣ ಎಂದುಕೊಂಡಿದ್ದೆ. ಆದರೆ ಆ ಹುಡುಗಿಯ ಮಾತು ನನ್ನ ಎದೆಗೇ ತಾಕಿತ್ತು. ಒಂದು ರಾತ್ರಿಯ ತಪ್ಪನ್ನು ಹದಿನೈದು ವರ್ಷದ ಊಟ, ಜ್ವರ, ಜಡೆ ಹೆಣೆದದ್ದು, ಇವುಗಳ ಎದುರು ತೂಗಬೇಡವೇ, ನಿಜ ಹೇಳಿ ಒಬ್ಬಳನ್ನು ಕುಸಿಯುವಂತೆ ಮಾಡುವುದಕ್ಕಿಂತ ಮುಚ್ಚಿಟ್ಟು ನಿಲ್ಲಿಸಿಕೊಳ್ಳುವುದು ಯಾಕೆ ತಪ್ಪು ಎಂದು ಕೇಳಿದೆ. ಧ್ವನಿ ಏರಿತು, ನಡುಗಿತು. ಒಂದು ಕಥೆಗೆ ಮಿಸ್ ಇಷ್ಟು ಯಾಕೆ ಬಿಸಿಯಾದರು ಎಂದು ಮಕ್ಕಳು ಮುಖಮುಖ ನೋಡಿಕೊಂಡರು. ಅತ್ತೆ ನನ್ನ ಕಡೆ ಕಿವಿ ಮಾಡಿ ಕೂತಿದ್ದರು. ಭಾಷೆ ತಿಳಿಯದಿದ್ದರೂ ನಡುಕ ತಿಳಿಯುತ್ತದೆ.

ಹುಡುಗಿ ಪುಸ್ತಕ ತೆಗೆದುಕೊಳ್ಳಲು ಕೈ ಚಾಚಿದವಳು, ಅತ್ತೆಯನ್ನು ನೋಡಿ ನಿಂತಳು. "ಮಿಸ್, ಅಜ್ಜಿ ಬಂದಿದ್ದಾರೆ. ಅವರಿಗೆ ಅರ್ಥ ಆಗದೆ ನಾವು ಮಾತಾಡೋದು ಸರಿ ಅಲ್ಲ" ಎಂದು ಕನ್ನಡದಲ್ಲಿ ಹೇಳಿ, ನನ್ನ ಒಪ್ಪಿಗೆಗೂ ಕಾಯದೆ, ಪುಸ್ತಕವನ್ನು ಅತ್ತೆಯ ಎರಡೂ ಕೈಗಳಲ್ಲಿ ಇಟ್ಟಳು. ನೀವು ಏನು ಹೇಳುತ್ತೀರಿ ಅಜ್ಜಿ ಎಂದಳು. ನಾನು ತಡೆಯುವುದರೊಳಗೆ ಅತ್ತೆ ಎದ್ದು ನಿಂತಾಗಿತ್ತು.

ಅವರು ಪುಸ್ತಕವನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಮಾತಾಡಿದರು. ಐನ್‌ಮನೆ, ತೂಗುದೀಪ, ಆಣೆ ಎಂದೆಲ್ಲ ಬಂದಾಗ ಮಕ್ಕಳಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಒಬ್ಬಳು ಪಕ್ಕದವಳಿಗೆ ಕೋಟೆ ಕೋಟೆ ಎಂದು ಪಿಸುಗುಟ್ಟಿದಳು. ಹಾಗೆ ಒಬ್ಬೊಬ್ಬರಾಗಿ ದಾರಿಗೆ ಬಂದು, ಮುಖ ಅರಳಿಸಿ ಕೇಳತೊಡಗಿದರು. ಇಷ್ಟು ಚೆಂದವಾಗಿ ಆ ಕಥೆಯನ್ನು ಅವರು ಯಾರ ಬಾಯಲ್ಲೂ ಕೇಳಿರಲಿಲ್ಲ. ನಾನು ಮಾತ್ರ ನೆಲ ನೋಡುತ್ತಿದ್ದೆ. ಅತ್ತೆ ಕೊನೆಗೆ ಬಂದರು.

"ಕೀಲಿಕೈ ಬಾಗಿಲಜ್ಜಿಗೇ ಕೊಟ್ಟದ್ ಸರಿ ಉಟ್ಟು. ಕಣ್ಣ್ ಕಾಣದವಳ ನಂಬಿ ಮನೆ ಕೊಟ್ಟೊ. ನಂಗೆ ಅದ್ ಕೇಳಿ ಒಂದ್ ವಾರ ಒಳ್ಳೆ ನಿದ್ದೆ ಬಾತ್."

ಹುಡುಗಿ ಮೃದುವಾಗಿಯೇ, ಅಜ್ಜಿಗೆ ಎಲ್ಲೋ ಮರೆತಿರಬೇಕು ಎಂದುಕೊಂಡು, ಅವಳು ಸಾಯುತ್ತಾಳಲ್ಲ ಅಜ್ಜಿ, ಬಾಗಿಲ ಹೊರಗೆ, ಆ ಹುಡುಗಿ ಬಾಗಿಲು ತೆಗೆಯುವುದೇ ಇಲ್ಲ ಎಂದಳು.

ಅತ್ತೆ ನಾನಿದ್ದ ಕಡೆ ತಿರುಗಿದರು. "ಕೂಸೆ, ಇವು ಓದ್ದ್ ಬೇರೆ ಪುಸ್ತಕನಾ?"

ಹುಡುಗಿ ನನ್ನನ್ನು ನೋಡಿದಳು. ಅವಳಿಗೆ ಆ ಒಂದು ಕ್ಷಣದಲ್ಲಿ ಎಲ್ಲ ಅರ್ಥವಾಯಿತು, ಮೊದಲಿನಿಂದಲೂ ಚುರುಕು. ಮುಖ ಕೆಂಪಾಗಿ, ಹೌದು ಅಜ್ಜಿ, ಎರಡು ಥರ ಅಚ್ಚಾಗಿರಬಹುದು, ಮಿಸ್ ಹತ್ತಿರ ಇರುವುದು ಬೇರೆ ಇರಬೇಕು ಎಂದಳು. ನಾನು ತಲೆಯಾಡಿಸಿದ್ದರೆ ಸಾಕಿತ್ತು, ಬೀಸುವ ದೊಣ್ಣೆ ತಪ್ಪುತ್ತಿತ್ತು. ಆದರೆ ಐದು ನಿಮಿಷದ ಹಿಂದೆ ನಿಜಕ್ಕಾಗಿ ಅಷ್ಟು ಗಟ್ಟಿಯಾಗಿ ವಾದಿಸಿದ ಮಗು ನನ್ನ ಮಾನ ಉಳಿಸಲು ಸುಳ್ಳು ಹೇಳುವುದನ್ನು ನೋಡಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಪುಸ್ತಕ ಒಂದೇ, ಅತ್ತೆ" ಎಂದೆ. "ಅವಳು ಹೇಳಿದ್ದೇ ಅದರಲ್ಲಿ ಇರುವುದು. ನಿಮಗೆ ಹೇಳುವಾಗ ನಾನು ಬದಲಿಸಿದೆ."

ಅದನ್ನು ಅರೆಭಾಷೆಯಲ್ಲಿ ಹೇಳಲಿಲ್ಲ, ಕ್ಲಾಸಿನಲ್ಲಿ ಮಾತಾಡುವ ಕನ್ನಡದಲ್ಲಿ ಹೇಳಿದೆ. ಯಾಕೆಂದು ಗೊತ್ತಿಲ್ಲ. ಅತ್ತೆ ಪುಸ್ತಕವನ್ನು ಮುಂದಕ್ಕೆ ಚಾಚಿದರು. ಹುಡುಗಿ ತೆಗೆದುಕೊಂಡಳು.

"ಹಂಗರೆ ನಾ ಮಾತಾಡ್ದ್ ಇವಳ ಪುಸ್ತಕದ ಬಗ್ಗೆ" ಎಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. "ನಿಮ್ಮ ಪುಸ್ತಕ ನಂಗೆ ಗೊತ್ತಿಲ್ಲೆ."

ಜೀಪಿನಲ್ಲಿ ಅವರು ಮುಂದೆ ಕೂತರು, ನಾನು ಹಿಂದೆ. ಗಂಡ ಚರ್ಚೆ ಹೇಗಾಯಿತು ಎಂದು ಎರಡು ಸಲ ಕೇಳಿ ಸುಮ್ಮನಾದರು. ಮನೆ ತಲುಪಿದಾಗ ಇನ್ನೂ ಬಿಸಿಲಿತ್ತು. ಅತ್ತೆ ನೆಟ್ಟಗೆ ಕಣಕ್ಕೆ ಹೋಗಿ ಕುರ್ಚಿಯಲ್ಲಿ ಕೂತು, ಪುಸ್ತಕ ತಾ ಎಂದರು. ಕೊನೆಯ ಅಧ್ಯಾಯವನ್ನು ಇಂಗ್ಲಿಷಿನಲ್ಲಿ ಇರುವ ಹಾಗೆ ಒಂದು ಸಾಲು ಓದಬೇಕು, ಆಮೇಲೆ ಆ ಸಾಲಿನ ಅರ್ಥ ಹೇಳಬೇಕು. ನಾನು ಅಭ್ಯಾಸಬಲದಿಂದ ಐನ್‌ಮನೆ ಎಂದೆ. ಐನ್‌ಮನೆ ಅಂತಲೇ ಬರೆದಿದೆಯಾ ಎಂದು ಕೇಳಿದರು. ಇಲ್ಲ, ಕೋಟೆ ಎಂದೆ. ಕೋಟೆ ಅಂತ ಹೇಳು ಎಂದರು. ತೂಗುದೀಪ ಆರಿತು, ಕತ್ತಿ ಬಂತು. ನಾಲ್ಕು ಕೊಯ್ಲಿನಲ್ಲಿ ನಾನು ಕಟ್ಟಿದ ಮನೆಯನ್ನು ನನ್ನ ಕೈಯಿಂದಲೇ ಒಂದೊಂದು ಹಂಚು ತೆಗೆಸಿದರು. ಅಗುಳಿ ತೆಗೆದ ಪಾಪದ ಸಾಲುಗಳನ್ನೂ ಓದಿಸಿದರು. ತಟ್ಟುವ ಸದ್ದು ನಿಂತ ಜಾಗಕ್ಕೆ ಬಂದಾಗ ನಾನು ಓದು ನಿಲ್ಲಿಸಿದೆ. ಅವರು ಕಾದರು, ಓದಿಸಿದರು.

ಪುಸ್ತಕ ಮುಚ್ಚಿದ ಮೇಲೆ, ಮುಗಿಸಿದ್ದು ಸರಿಯಾಗಿಯೇ ಇದೆ, ಆ ಹುಡುಗಿ ಬಾಗಿಲು ತೆಗೆಯದೆ ಇದ್ದದ್ದು ಸರಿ ಎಂದರು.

ನನಗೆ ಕೋಪ ಬಂತು. ಆ ಸ್ಥಿತಿಯಲ್ಲೂ ಬಂತು. ಅಷ್ಟು ವರ್ಷ ಸಾಕಿದವಳನ್ನು ಮೃಗದ ಬಾಯಿಗೆ ಬಿಡುವುದೇ, ಅದೂ ಕಣ್ಣು ಕಾಣದವಳನ್ನು, ನೀವೇ ಹೀಗೆ ಹೇಳಬಹುದೇ ಎಂದು ಕೂಗಿಯೇಬಿಟ್ಟೆ.

"ಸಾಂಕ್ದ್ ಬೇರೆ, ಮುಚ್ಚಿಟ್ಟದ್ ಬೇರೆ" ಎಂದರು ಅತ್ತೆ. ಧ್ವನಿ ಏರಿಸಲಿಲ್ಲ. ಆಮೇಲೆ ಕೇಳಿದರು. "ನೀ ಬದಲ್ ಮಾಡ್ದದ್ ಇನ್ನ್ ಎಂತೆಲ್ಲ ಉಟ್ಟು?"

ಕಣದ ತುದಿಯಲ್ಲಿ ಗಂಡ ಹಲಗೆ ಎಳೆಯುತ್ತಿದ್ದವರು ನಿಂತರು. ನಾನು ಒಳಗೆ ಹೋಗಿ ಬೀರುವಿನಿಂದ ಮೈಸೂರಿನ ಕಾಗದ ತಂದೆ. ಕಾಗದ ಬಿಡಿಸುವ ಸದ್ದು ಕೇಳಿಯೇ ಅವರಿಗೆ ತಿಳಿದಿರಬೇಕು. ಒಂದು ಸಾಲು ಇಂಗ್ಲಿಷ್, ಒಂದು ಸಾಲು ಅರ್ಥ. ಎಡಗಣ್ಣು ಮುಗಿದಿದೆ. ಬಲಗಣ್ಣಿನ ನರವೂ ಒಣಗುತ್ತಿದೆ. ಆಪರೇಶನ್ ಮಾಡಿ ಉಪಯೋಗವಿಲ್ಲ. ಉಳಿದದ್ದು ಕೆಲವು ತಿಂಗಳು. ಒಂದಕ್ಷರ ಬಿಡಲಿಲ್ಲ, ಒಂದಕ್ಷರ ಸೇರಿಸಲಿಲ್ಲ. ಓದಿ ಮುಗಿಸಿ ಅವರ ಕಾಲ ಹತ್ತಿರ ಕೂತು ಅತ್ತುಬಿಟ್ಟೆ. ಅವರು ಅಳಲಿಲ್ಲ. ಬರೆದ ದಿನ ಯಾವುದು ಎಂದು ಕೇಳಿ, ಅಕ್ಟೋಬರ್ ಎಂದದ್ದಕ್ಕೆ ಬೆರಳು ಮಡಿಸಿ ಎಣಿಸಿದರು.

ಸಿದ್ದಾಪುರದ ಹತ್ತಿರದ ಎಸ್ಟೇಟಿನಲ್ಲಿ ಅವರ ತಂಗಿ ಇದ್ದಾರೆ, ಅಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಮಗನ ಜೊತೆ. ಆ ತಂಗಿ ನವೆಂಬರಿನಿಂದ ಮೂರು ಸಲ ಬರಲು ಹೇಳಿ ಕಳಿಸಿದ್ದರು. ಮೂರು ಸಲವೂ ಅತ್ತೆ ಹೋಗಿರಲಿಲ್ಲ. ಯಾಕೆ ಎಂದು ನಾನು ಕೇಳಿದವಳೂ ಅಲ್ಲ. ಈಗ ಅತ್ತೆಯೇ ಹೇಳಿದರು, ಆಗ ಒಂದು ಮಾರು ದೂರದ ಮುಖ ನನಗೆ ಕಾಣುತ್ತಿತ್ತು, ಈಗ ಮೂಗಿಗೆ ತಾಗಿದರೆ ಮಾತ್ರ, ಆಪರೇಶನ್ ಆದ ಮೇಲೆ ಹೋಗಿ ಅವಳ ಮುಖ ಸರಿಯಾಗಿ ನೋಡೋಣ ಎಂದು ಕಾಯುತ್ತಿದ್ದೆ ಎಂದು. ಬೈದು ಹೇಳಲಿಲ್ಲ, ಲೆಕ್ಕ ಒಪ್ಪಿಸುವ ಹಾಗೆಯೂ ಹೇಳಲಿಲ್ಲ. ನಾಳೆ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಮಗನನ್ನು ಕೇಳಿದರು.

ಸೋಮವಾರ ಶಾಲೆಗೆ ರಜೆ ಹಾಕಿದೆ. ಬರಬೇಡ ಎಂದು ಅವರು ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ವಿರಾಜಪೇಟೆಯಲ್ಲಿ ಬಸ್ಸು ಬದಲಿಸುವಾಗ ನನ್ನ ಕೈ ಹಿಡಿದುಕೊಂಡರು, ಹತ್ತಿ ಕೂತ ಮೇಲೆ ಬಿಟ್ಟರು. ರೈಟರ ಕ್ವಾರ್ಟರ್ಸಿನ ಜಗಲಿಯಲ್ಲಿ ತಂಗಿ ಅಳುತ್ತಾ ಬಂದು ತಬ್ಬಿಕೊಂಡರು. ಅತ್ತೆ ಅವರನ್ನು ಬೆಳಕಿನ ಕಡೆ ತಿರುಗಿಸಿ ನಿಲ್ಲಿಸಿದರು. ಎರಡೂ ಕೈಯಲ್ಲಿ ಮುಖ ಹಿಡಿದು, ಬಲಗಣ್ಣನ್ನು ಹತ್ತಿರ, ಇನ್ನೂ ಹತ್ತಿರ ತಂದು, ಹಣೆ, ಮೂಗು, ಗಲ್ಲ, ಒಂದೊಂದಾಗಿ ನೋಡಿದರು. ತಂಗಿ ಅಲ್ಲಾಡದೆ ನಿಂತಿದ್ದರು. ತುಂಬಾ ಹೊತ್ತು ನೋಡಿದ ಮೇಲೆ ತಲೆಯ ಮೇಲೆ ಕೈಯಾಡಿಸಿ, "ತಲೆಕೂದಲೆಲ್ಲ ಬೆಳ್ಳಗೆ ಆಗುಟ್ಟಾ?" ಎಂದು ಕೇಳಿದರು.

ಹೂಂ ಅನ್ನಲು ನಾನು ಬಾಯಿ ತೆರೆದೆ. ಅವರು ಕೇಳಿದ್ದು ನನ್ನನ್ನಲ್ಲ. ಮುಖ ಆ ಕಡೆ ತಿರುಗಿತ್ತು, ಕಾಫಿ ಲೋಟ ಹಿಡಿದು ನಿಂತಿದ್ದ ತಂಗಿಯ ಸೊಸೆಯ ಕಡೆ. ಆ ಹೆಂಗಸು, ಪಕ್ಕದಲ್ಲೇ ಇದ್ದ ನನ್ನನ್ನು ಒಮ್ಮೆ ನೋಡಿ, ಹೌದು ದೊಡ್ಡತ್ತೆ, ಪೂರ್ತಿ ಬೆಳ್ಳಗಾಗಿದೆ ಎಂದಳು.